ಇಂಬಳ ಕಚ್ಚಿದರೆ ವಜೂ ಮುರಿಯುತ್ತಾ?

ಬಹಳ ದಿನಗಳಾಗಿತ್ತು ಈ ಕಡೆ ತಲೆ ಹಾಕದೆ. ಮಳೆ, ಕರೆಂಟಿಲ್ಲ, ತೋಟದ ಕೆಲಸ... ನೆಪಗಳಿಗೇನು ಬರ! ಆದರೆ ಕಳೆದ ವಾರ ಒಂದೇ ದಿನ ನಡೆದ ಎರಡು ಸಂಗತಿಗಳು ಇವತ್ತು ಬರೆಯಲು ಕೂರಿಸಿವೆ.

ಬೆಳಿಗ್ಗೆ ಕಾಲೇಜು ದಿನಗಳ ಗೆಳೆಯನೊಬ್ಬ ಫೋನ್ ಮಾಡಿದ. "ನಿಮ್ಮ ಕುರ್‌ಆನಿನಲ್ಲಿ ಹೀಗೆ ಬರೆದಿದೆಯಂತಲ್ಲೋ, ನಿಜವಾ?" ಅಂತ ಕೇಳಿದ. ವಾಟ್ಸಾಪಿನಲ್ಲಿ ಅವನಿಗೆ ಯಾರೋ ಕಳಿಸಿದ ಒಂದು ವಾಕ್ಯ. ಹಿಂದಿಲ್ಲ, ಮುಂದಿಲ್ಲ, ಯಾವಾಗ ಯಾರಿಗೆ ಹೇಳಿದ್ದು ಅಂತಿಲ್ಲ. "ಬರೆದಿದೆ ಅಂದ್ರೆ ಬರೆದಿದೆ, ಮುಗೀತಲ್ಲ" ಅಂದ. ಸಂಜೆ ಪೇಟೆಯಲ್ಲಿ ನಮ್ಮವನೇ ಒಬ್ಬ ಹುಡುಗ ಸಿಕ್ಕ. ಅವನ ಮೊಬೈಲಿನಲ್ಲಿ ಯಾವನೋ ಭಾಷಣಕಾರ. ಹೆಣ್ಣುಮಕ್ಕಳು ಏನು ಮಾಡಬೇಕು, ಏನು ಮಾಡಬಾರದು ಅಂತ ಪಟ್ಟಿ. ನಾನು ಏನೋ ಕೇಳಲು ಹೋದರೆ, "ಕುರ್‌ಆನಿನಲ್ಲಿದೆ ಭಾಯ್, ಮುಗೀತು" ಅಂದ.

ಇಬ್ಬರಿಗೂ ಒಬ್ಬರನ್ನು ಕಂಡರೆ ಒಬ್ಬರಿಗೆ ಆಗುವುದಿಲ್ಲ. ಆದರೆ ಇಬ್ಬರೂ ಓದುವ ರೀತಿ ಮಾತ್ರ ಒಂದೇ. "ಬರೆದಿದೆ, ಮುಗೀತು."

ನನಗೆ ಈ "ಮುಗೀತು" ಅನ್ನುವ ಮಾತಿನ ಮೇಲೆ ಸಿಟ್ಟಿದೆ. ಯಾಕೆ ಅಂತ ಹೇಳಬೇಕಾದರೆ ನಮ್ಮ ಮನೆಯ ಕಥೆಯಿಂದಲೇ ಶುರು ಮಾಡಬೇಕು.

*

ಅಬ್ಬನ ಕಡೆಯವರು ಆಲೂರು ತಾಲ್ಲೂಕಿನವರು. ಮನೆಮಾತು ಉರ್ದು, ಅಂದರೆ ನಮ್ಮ ಸೀಮೆಯ ದಖ್ಖನಿ. ಉಮ್ಮನ ಕಡೆಯವರು ಬ್ಯಾರಿಗಳು. ಅಜ್ಜ ಒಣಮೀನಿನ ವ್ಯಾಪಾರಕ್ಕೆ ಅಂತ ಶಿರಾಡಿ ಘಾಟಿ ಹತ್ತಿ ಬಂದು, ಮೆಣಸು, ಕಾಫಿ ಅಂತ ಸಕಲೇಶಪುರದಲ್ಲೇ ಉಳಿದವರು. ಒಂದೇ ಮನೆಯಲ್ಲಿ ಮೂರು ಭಾಷೆ. ಅಬ್ಬ "ನಮಾಜ್" ಅಂದರೆ ಉಮ್ಮ "ನಿಸ್ಕಾರ" ಅನ್ನುತ್ತಿದ್ದರು. ಜಗಳ ಬಂದರೆ ಮಾತ್ರ ಇಬ್ಬರೂ ಕನ್ನಡಕ್ಕೆ ಇಳಿಯುತ್ತಿದ್ದರು!

ಭಾಷೆ ಮಾತ್ರ ಅಲ್ಲ, ಮಜ್‌ಹಬ್ ಕೂಡ ಬೇರೆ. ನಮ್ಮ ಕಡೆಯ ಉರ್ದು ಮಾತಾಡುವವರು ಹೆಚ್ಚಾಗಿ ಹನಫಿ ಪಂಥದವರು, ಬ್ಯಾರಿಗಳು ಶಾಫಿ ಪಂಥದವರು. ಇಮಾಮ್ ಅಬೂ ಹನೀಫಾ ತೀರಿಕೊಂಡದ್ದು ಕ್ರಿ.ಶ. 767ರಲ್ಲಿ. ಇಮಾಮ್ ಶಾಫಿ ಹುಟ್ಟಿದ್ದೂ ಅದೇ ವರ್ಷ. ಇಬ್ಬರೂ ಓದಿದ್ದು ಅದೇ ಕುರ್‌ಆನ್. ಆದರೆ ತೆಗೆದ ಅರ್ಥಗಳು ಎಷ್ಟೋ ಕಡೆ ಬೇರೆ ಬೇರೆ.

ನನಗೆ ಇದು ಮೊದಲು ಗೊತ್ತಾಗಿದ್ದು ಇಂಬಳದಿಂದ. (ಕೆಲವರು ಉಂಬಳ ಅಂತಾರೆ, ಪುಸ್ತಕದಲ್ಲಿ ಜಿಗಣೆ.) ಜುಲೈ ತಿಂಗಳು. ತೋಟದೊಳಗಿಂದ ದಾದಾ ಮತ್ತು ಅಜ್ಜ ಜೊತೆಗೇ ಬಂದರು. ಇಬ್ಬರ ಕಾಲಲ್ಲೂ ರಕ್ತ ಇಳಿಯುತ್ತಿತ್ತು. ಮಲೆನಾಡಿನವರಿಗೆ ಇದೇನು ಹೊಸದಲ್ಲ ಬಿಡಿ, ಸುಣ್ಣ-ಹೊಗೆಸೊಪ್ಪು ಹಚ್ಚಿ ಕಿತ್ತು ಎಸೆದರೆ ಆಯ್ತು. ಆದರೆ ನಮಾಜಿಗೆ ಹೊತ್ತಾಗಿತ್ತು. ದಾದಾ ಹಂಡೆಯ ಹತ್ತಿರ ಹೋಗಿ ಮತ್ತೆ ಮೊದಲಿಂದ ಕೈಕಾಲು ಮುಖ ತೊಳೆದು ವಜೂ ಮಾಡಿದರು. ಅಜ್ಜ ಕಾಲಿನ ರಕ್ತ ತೊಳೆದುಕೊಂಡು ಸೀದಾ ಚಾಪೆ ಹಾಸಿದರು. "ಅಜ್ಜ, ನಿಮ್ಮದು ಮುರಿಯಲಿಲ್ವಾ?" ಅಂದೆ. "ನಮ್ಮಲ್ಲಿ ಮುರಿಯೋದಿಲ್ಲ ಮಗಾ, ಅವರಲ್ಲಿ ಮುರಿಯುತ್ತೆ" ಅಂದರು. ಅಷ್ಟೇ. ದಾದಾ ನಕ್ಕರು. ಇಬ್ಬರೂ ನಮಾಜ್ ಮುಗಿಸಿ ಒಂದೇ ತಟ್ಟೆಯ ಕಡುಬು ತಿಂದರು.

ದೊಡ್ಡವನಾದ ಮೇಲೆ ಹುಡುಕಿದೆ. ಹರಿಯುವ ರಕ್ತದಿಂದ ವಜೂ ಮುರಿಯುತ್ತದೆ ಅನ್ನುವುದು ಹನಫಿ ವಾದ. ಔರಂಗಜೇಬನ ಕಾಲದಲ್ಲಿ ಸಿದ್ಧವಾದ ಫತಾವಾ ಆಲಂಗೀರಿಯಲ್ಲಿ ಇಂಬಳದ ವಿಷಯವೇ ಇದೆ, ಕಚ್ಚಿ ಹೊಟ್ಟೆ ತುಂಬ ಹೀರಿದರೆ ವಜೂ ಹೋಯ್ತು ಅಂತ. ಶಾಫಿಗಳು ಇನ್ನೊಂದು ಘಟನೆ ತೋರಿಸುತ್ತಾರೆ. ಪ್ರವಾದಿಯವರ ಕಾಲದಲ್ಲಿ ರಾತ್ರಿ ಕಾವಲಿಗಿದ್ದ ಸಂಗಾತಿಯೊಬ್ಬರು ಬಾಣ ತಾಗಿ ರಕ್ತ ಸುರಿಯುತ್ತಿದ್ದರೂ ನಮಾಜ್ ಬಿಡಲಿಲ್ಲವಂತೆ. ಹಾಗಾದರೆ ರಕ್ತದಿಂದ ಮುರಿಯುವುದಿಲ್ಲ ಅಂತ ಆಯ್ತಲ್ಲ? ಇಬ್ಬರ ಹತ್ತಿರವೂ ಆಧಾರವಿದೆ. ಇಬ್ಬರೂ ಸುಮ್ಮನೆ ಬಾಯಿಗೆ ಬಂದದ್ದು ಹೇಳಿದ್ದಲ್ಲ.

ಇನ್ನೊಂದು ನೆನಪು. ಉಮ್ಮ ನಿಸ್ಕಾರಕ್ಕೆ ತಯಾರಾಗಿ ನಿಂತಾಗ ಅಬ್ಬ ಕಾಫಿ ಕೇಳಿದರೆ, ಲೋಟವನ್ನು ಕೈಗೆ ಕೊಡದೆ ಕಿಟಕಿ ಕಟ್ಟೆಯ ಮೇಲೆ ಇಡುತ್ತಿದ್ದರು. ಇವರಿಬ್ಬರೂ ಮಾತು ಬಿಟ್ಟಿದ್ದಾರೆ ಅಂತಲೇ ನಾವು ಮಕ್ಕಳು ಅಂದುಕೊಂಡಿದ್ದೆವು. ವಿಷಯ ಅದಲ್ಲ. ಕುರ್‌ಆನಿನ ನಾಲ್ಕನೇ ಅಧ್ಯಾಯದ 43ನೇ ವಚನದಲ್ಲಿ, ಹೆಣ್ಣನ್ನು "ಮುಟ್ಟಿದ್ದರೆ" ಶುದ್ಧಿ ಮಾಡಿಕೊಳ್ಳಬೇಕು ಎಂಬ ಅರ್ಥದ ಒಂದು ಪದ ಬರುತ್ತದೆ. ಮುಟ್ಟುವುದು ಅಂದರೆ ಮುಟ್ಟುವುದೇ, ಚರ್ಮಕ್ಕೆ ಚರ್ಮ ತಾಗಿದರೂ ವಜೂ ಮುರಿಯಿತು ಅಂದರು ಇಮಾಮ್ ಶಾಫಿ. ಅಲ್ಲ, ಅದು ಗಂಡಹೆಂಡಿರ ಕೂಡುವಿಕೆಗೆ ಮರ್ಯಾದೆಯಿಂದ ಹೇಳಿದ ಮಾತು ಅಂದರು ಅಬೂ ಹನೀಫಾ. ಪ್ರವಾದಿಯವರ ಚಿಕ್ಕಪ್ಪನ ಮಗ ಇಬ್ನ್ ಅಬ್ಬಾಸ್ ಹಾಗೇ ಅರ್ಥ ಹೇಳಿದ್ದರು ಅನ್ನುವುದು ಅವರ ಆಧಾರ. ಒಂದು ಪದ ವಾಚ್ಯವೋ ಲಕ್ಷಣವೋ ಅನ್ನುವ ಪ್ರಶ್ನೆ ನಮ್ಮ ಮನೆಯ ಕಾಫಿ ಲೋಟವನ್ನು ಕಿಟಕಿ ಕಟ್ಟೆಗೆ ಕಳಿಸಿತ್ತು.

ಅಸರ್ ನಮಾಜಿನ ಹೊತ್ತೂ ಹೀಗೇ. ವಸ್ತುವಿನ ನೆರಳು ಅದರಷ್ಟೇ ಉದ್ದವಾದಾಗ ಅನ್ನುತ್ತಾರೆ ಶಾಫಿಗಳು, ಎರಡರಷ್ಟಾದಾಗ ಅನ್ನುವುದು ಅಬೂ ಹನೀಫಾರ ಮಾತು. ಸುಮಾರು ಒಂದು ಗಂಟೆ ಅಂತರ. (ವರ್ಷದಲ್ಲಿ ನಾಲ್ಕು ತಿಂಗಳು ನೆರಳೇ ಬೀಳದ ನಮ್ಮೂರಲ್ಲಿ ಇದನ್ನು ಅಳೆಯುವವರು ಯಾರು ಅನ್ನುವುದು ಬೇರೆ ಮಾತು.) ತಮಾಷೆ ಅಂದರೆ, ಅಬೂ ಹನೀಫಾರ ಖಾಸಾ ಶಿಷ್ಯರಾದ ಅಬೂ ಯೂಸುಫ್ ಮತ್ತು ಮುಹಮ್ಮದ್ ಇಬ್ಬರೂ ಇದರಲ್ಲಿ ಗುರುವಿನ ಮಾತು ಒಪ್ಪಲಿಲ್ಲ. ಒಂದರಷ್ಟೇ ಸಾಕು ಅಂದರು. ಆದರೂ ಅವರು ಹನಫಿಗಳೇ. ಯಾರೂ ಅವರನ್ನು ಆಚೆ ಹಾಕಲಿಲ್ಲ. ಇಮಾಮ್ ಶಾಫಿಯಂತೂ ಇರಾಕಿನಲ್ಲಿದ್ದಾಗ ಹೇಳಿದ ಎಷ್ಟೋ ಮಾತುಗಳನ್ನು ಈಜಿಪ್ಟಿಗೆ ಹೋದ ಮೇಲೆ ತಾವೇ ಬದಲಿಸಿದರು. "ಹಳೆಯ ಅಭಿಪ್ರಾಯ", "ಹೊಸ ಅಭಿಪ್ರಾಯ" ಅಂತ ಶಾಫಿ ಪುಸ್ತಕಗಳಲ್ಲಿ ಇವತ್ತಿಗೂ ಎರಡನ್ನೂ ಬರೆದಿಟ್ಟಿದ್ದಾರೆ.

*

ಸ್ವಲ್ಪ ಶಾಸ್ತ್ರಕ್ಕೆ ಬರೋಣ. ಬೇಸರ ಮಾಡಿಕೊಳ್ಳಬೇಡಿ, ಚುಟುಕಾಗಿ ಮುಗಿಸುತ್ತೇನೆ.

ಕುರ್‌ಆನಿಗೆ ಅರ್ಥ ಹೇಳುವ ವಿದ್ಯೆಗೆ ತಫ್ಸೀರ್ ಅಂತ ಹೆಸರು. ಒಂದು ವಚನಕ್ಕೆ ಇನ್ನೊಂದು ವಚನದಿಂದ ಅರ್ಥ ಹೇಳುವುದು ಮೊದಲ ಮೆಟ್ಟಿಲು. ಆಮೇಲೆ ಪ್ರವಾದಿಯವರ ಮಾತು-ನಡತೆ, ಅಂದರೆ ಹದೀಸ್. ಆಮೇಲೆ ಸಂಗಾತಿಗಳು ಹೇಳಿದ್ದು. ಆ ಕಾಲದ ಅರಬ್ಬಿ ಭಾಷೆಯಲ್ಲಿ ಆ ಪದಕ್ಕೇನು ಅರ್ಥವಿತ್ತು, ವಚನ ಯಾವ ಸಂದರ್ಭದಲ್ಲಿ ಇಳಿಯಿತು ಅನ್ನುವುದನ್ನೂ ನೋಡಬೇಕು. ಇದೆಲ್ಲದರ ಜೊತೆಗೆ ಬುದ್ಧಿ ಓಡಿಸುವುದು. ಕೊನೆಯದಕ್ಕೆ ಎಷ್ಟು ಜಾಗ ಕೊಡಬೇಕು ಅನ್ನುವುದರ ಮೇಲೆ ಸಾವಿರ ವರ್ಷದಿಂದ ಜಗಳ ನಡೆದಿದೆ.

923ರಲ್ಲಿ ತೀರಿಕೊಂಡ ತಬರಿಯವರ ತಫ್ಸೀರ್ ಈ ವಿದ್ಯೆಯ ಹಳೆಯ ದೊಡ್ಡ ಗ್ರಂಥ. ಅವರ ಕ್ರಮ ನನಗೆ ತುಂಬಾ ಇಷ್ಟ. ಒಂದು ವಚನ ಎತ್ತಿಕೊಂಡು, ಕೆಲವರು ಹೀಗಂದಿದ್ದಾರೆ, ಕೆಲವರು ಹಾಗಂದಿದ್ದಾರೆ ಅಂತ ಹೆಸರು ಹೆಸರಾಗಿ ಎಲ್ಲರ ಮಾತನ್ನೂ ಇಡುತ್ತಾರೆ. ಕೊನೆಗೆ ತಮಗೆ ಯಾವುದು ಸರಿ ಅನ್ನಿಸಿತು, ಯಾಕೆ ಅಂತ ಹೇಳುತ್ತಾರೆ. ಅಂದರೆ ಓದುವವನಿಗೆ ಉಳಿದ ದಾರಿಗಳೂ ಕಾಣುತ್ತಿರುತ್ತವೆ. ನಮ್ಮ ಮೊಬೈಲಿನ ಭಾಷಣಕಾರ ಮುಚ್ಚಿಡುವುದು ಇದನ್ನೇ.

14ನೇ ಶತಮಾನದ ಗ್ರಾನಡಾದ ಶಾತಿಬಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ನಿಯಮಗಳ ಹಿಂದೆ ಉದ್ದೇಶಗಳಿವೆ. ಮನುಷ್ಯರ ಧರ್ಮ, ಪ್ರಾಣ, ಬುದ್ಧಿ, ಸಂತತಿ, ಆಸ್ತಿ ಇವನ್ನು ಕಾಯುವುದೇ ಆ ಉದ್ದೇಶ. ಅಕ್ಷರ ಹಿಡಿದು ಉದ್ದೇಶ ಬಿಟ್ಟರೆ ಪ್ರಯೋಜನವಿಲ್ಲ ಅನ್ನುವ ದಾರಿ ಅದು.

ಮುಸ್ಲಿಮರಲ್ಲದ ಗೆಳೆಯರಿಗೆ ಇದು ಅಪರಿಚಿತ ಅನ್ನಿಸಬಾರದು. ಉಪನಿಷತ್ತಿನ "ತತ್ತ್ವಮಸಿ" ಗೊತ್ತಲ್ಲ? ಶಂಕರರು ಅದನ್ನು "ಅದು ನೀನೇ" ಅಂತ ಓದಿದರು. ನಮ್ಮ ಘಾಟಿಯ ಕೆಳಗಿನ ಮಧ್ವಾಚಾರ್ಯರು ಸಂಧಿಯನ್ನು ಬೇರೆ ಥರ ಬಿಡಿಸಿ, "ಅತತ್", ಅಂದರೆ "ಅದು ನೀನಲ್ಲ" ಅಂತ ಓದಿದರು. ಅಕ್ಷರ ಅವೇ, ಬಿಡಿಸಿದ ಜಾಗ ಬೇರೆ, ಎರಡು ದರ್ಶನಗಳೇ ಹುಟ್ಟಿದವು. ಕುರ್‌ಆನಿನ ಮೂರನೇ ಅಧ್ಯಾಯದ ಏಳನೇ ವಚನದಲ್ಲೂ ಇಂಥದ್ದೇ ಇದೆ. ಕೆಲವು ವಚನ ಸ್ಪಷ್ಟ, ಕೆಲವು ಗೂಢ ಅಂತ ಹೇಳುವ ವಚನ ಅದು. ಗೂಢವಾದವುಗಳ ನಿಜವಾದ ಅರ್ಥ ದೇವರಿಗೆ ಗೊತ್ತು ಅಂತ ಅಲ್ಲಿ ನಿಲ್ಲಿಸಿದರೆ ಒಂದರ್ಥ. ನಿಲ್ಲಿಸದೆ ಮುಂದೆ ಓದಿದರೆ ಆಳವಾದ ಜ್ಞಾನವಿರುವವರಿಗೂ ಗೊತ್ತು ಅಂತ ಆಗುತ್ತದೆ. ಉಸಿರು ಎಲ್ಲಿ ಬಿಡಬೇಕು ಅನ್ನುವುದರ ಮೇಲೆ ಅರ್ಥ ನಿಂತಿದೆ!

ಇಷ್ಟೆಲ್ಲ ಇರುವಾಗ "ಬರೆದಿದೆ, ಮುಗೀತು" ಅನ್ನುವುದು ಹೇಗೆ?

*

ಈಗ ನಿಜವಾದ ವಿಷಯ. ವಜೂ, ನೆರಳು, ಕಾಫಿ ಲೋಟ ಇವುಗಳಲ್ಲಿ ನಾವು ಎಷ್ಟು ಉದಾರಿಗಳು ನೋಡಿ. "ಅವರಲ್ಲಿ ಹಾಗೆ, ನಮ್ಮಲ್ಲಿ ಹೀಗೆ" ಅಂತ ನಕ್ಕು ಕಡುಬು ತಿಂದೆವು. ಹೆಣ್ಣಿನ ಬದುಕಿನ ಪ್ರಶ್ನೆ ಬಂದಾಗ ಆ ನಗು ಎಲ್ಲಿ ಹೋಗುತ್ತದೆ?

2002ರ ಮಳೆಗಾಲ. ಅಬ್ಬನ ಅಕ್ಕನ ಮಗಳು, ನಾವು ಆಪಾ ಅಂತ ಕರೆಯುತ್ತಿದ್ದವರು, ಇಬ್ಬರು ಮಕ್ಕಳ ಜೊತೆ ತವರಿಗೆ ಬಂದಿದ್ದರು. ಒಂದು ಸಂಜೆ ಗಂಡನ ಫೋನ್ ಬಂತು. ಪಡಸಾಲೆಯ ಲ್ಯಾಂಡ್‌ಲೈನ್. ಆಪಾ ರಿಸೀವರ್ ಹಿಡಿದು ನಿಂತರು, ಏನೂ ಮಾತಾಡಲಿಲ್ಲ, ಇಟ್ಟರು. ಅಡುಗೆಮನೆಗೆ ಹೋಗಿ ಒಲೆಯ ಮೇಲಿದ್ದ ಅನ್ನ ಬಸಿದರು. ಆಮೇಲೆ ಹೇಳಿದರು, "ಮೂರು ಸಲ ಹೇಳಿಬಿಟ್ಟರು" ಅಂತ.

ವಾರದೊಳಗೆ ಆ ಮನುಷ್ಯನೇ ಅಳುತ್ತಾ ಬಂದ. ಸಿಟ್ಟಲ್ಲಿ ಹೇಳಿದೆ, ತಪ್ಪಾಯ್ತು ಅಂದ. ಹಿರಿಯರು ಸೇರಿದರು. ಹೆಸರು ಬೇಡ, ಎಲ್ಲ ಊರಲ್ಲೂ ಇಂಥವರಿದ್ದಾರೆ. ತೀರ್ಮಾನ ಐದು ನಿಮಿಷದಲ್ಲಿ ಆಯ್ತು. ಮೂರು ಹೇಳಿದ ಮೇಲೆ ಮೂರೂ ಬಿದ್ದವು. ಇನ್ನು ಅವಳು ಬೇರೆಯವನನ್ನು ಮದುವೆಯಾಗಿ, ಅವನು ಬಿಟ್ಟರೆ ಅಥವಾ ಸತ್ತರೆ ಮಾತ್ರ ಇವನಿಗೆ ಮತ್ತೆ ಹೆಂಡತಿಯಾಗಬಹುದು. "ಕುರ್‌ಆನಿನಲ್ಲಿದೆ" ಅಂದರು.

ಕುರ್‌ಆನಿನಲ್ಲಿ ಏನಿದೆ? ಎರಡನೇ ಅಧ್ಯಾಯದ 229ನೇ ವಚನ, ಹಿಂತೆಗೆದುಕೊಳ್ಳಬಹುದಾದ ತಲಾಖ್ ಎರಡು ಸಲ, ಆಮೇಲೆ ಒಂದೋ ಮರ್ಯಾದೆಯಿಂದ ಇಟ್ಟುಕೊಳ್ಳಿ ಇಲ್ಲವೋ ಒಳ್ಳೆಯ ರೀತಿಯಲ್ಲಿ ಕಳಿಸಿಕೊಡಿ ಅನ್ನುತ್ತದೆ. ಎರಡು "ಸಲ". ಒಂದೇ ಉಸಿರಿನಲ್ಲಿ ಮೂರು ಬಾರಿ ಹೇಳಿದರೆ ಅದು ಮೂರು ಸಲವೋ, ಒಂದೇ ಸಲವೋ? ಇದು ವ್ಯಾಖ್ಯಾನದ ಪ್ರಶ್ನೆ. ಪ್ರವಾದಿಯವರ ಕಾಲದಲ್ಲಿ, ಖಲೀಫ ಅಬೂಬಕರ್ ಅವರ ಕಾಲದಲ್ಲಿ, ಉಮರ್ ಅವರ ಆಡಳಿತದ ಮೊದಲ ಎರಡು ವರ್ಷ, ಒಟ್ಟಿಗೆ ಹೇಳಿದ ಮೂರನ್ನು ಒಂದೆಂದೇ ಎಣಿಸುತ್ತಿದ್ದರು ಅಂತ ಇಬ್ನ್ ಅಬ್ಬಾಸ್ ಹೇಳಿದ್ದು ಸಹೀಹ್ ಮುಸ್ಲಿಮ್ ಹದೀಸ್ ಸಂಗ್ರಹದಲ್ಲಿದೆ. ಜನ ಇದನ್ನು ಆಟ ಮಾಡಿಕೊಂಡಾಗ, ಹೇಳಿದ್ದನ್ನು ಅನುಭವಿಸಲಿ ಅಂತ ಉಮರ್ ಮೂರನ್ನು ಮೂರೆಂದೇ ಜಾರಿ ಮಾಡಿದರು. ಗಂಡಸರಿಗೆ ಬುದ್ಧಿ ಬರಲಿ ಅಂತ ತಂದ ಬಿಗಿ ಅದು. ನಾಲ್ಕೂ ಸುನ್ನಿ ಮಜ್‌ಹಬ್‌ಗಳು ಅದನ್ನೇ ಹಿಡಿದವು. ಬುದ್ಧಿ ಕಲಿಸಲು ತಂದದ್ದರ ಪೆಟ್ಟು ಬಿದ್ದದ್ದು ಯಾರಿಗೆ ಅಂತ ಬೇರೆ ಹೇಳಬೇಕಾ?

ಅದನ್ನು ಪ್ರಶ್ನಿಸಿದವರು ಹೊರಗಿನವರೇನಲ್ಲ. 1328ರಲ್ಲಿ ತೀರಿಕೊಂಡ ಇಬ್ನ್ ತೈಮಿಯ್ಯಾ, ಮಿಕ್ಕ ವಿಷಯಗಳಲ್ಲಿ ಕಟ್ಟಾ ಸಂಪ್ರದಾಯಸ್ಥರು, ಮೂರನ್ನು ಒಂದೆಂದೇ ಎಣಿಸಬೇಕು ಅಂದರು. ತಲಾಖ್ ಕುರಿತ ಫತ್ವಾಗಳಿಗಾಗಿ ಜೈಲಿಗೂ ಹೋದರು. ಅಹ್ಲೆ ಹದೀಸ್ ಪಂಥದವರು ಅದನ್ನೇ ಪಾಲಿಸುತ್ತಾರೆ. ಈಜಿಪ್ಟ್ 1929ರಲ್ಲೇ ಕಾನೂನು ಮಾಡಿ ಮೂರನ್ನು ಒಂದು ಮಾಡಿತು.

ನಾನು ಆಗ ಹುಡುಗ, ಇಷ್ಟೆಲ್ಲ ಗೊತ್ತಿರಲಿಲ್ಲ. ಆದರೂ ಯಾರೋ ಅಹ್ಲೆ ಹದೀಸ್ ವಿದ್ವಾಂಸರ ಹತ್ತಿರ ಹೋಗಿ ಕೇಳಬಹುದು ಅಂತ ಅಬ್ಬನಿಗೆ ಹೇಳಿದ್ದರು. ಅಬ್ಬ ದಾದಾಗೆ ಹೇಳಿದರು. ದಾದಾ, ಅಜ್ಜನ ಇಂಬಳಕ್ಕೆ ನಕ್ಕ ಅದೇ ದಾದಾ, "ನಮ್ಮ ಮಜ್‌ಹಬ್ ಅಲ್ಲ" ಅಂತ ಎದ್ದು ಹೋದರು.

ಆದರೆ ನಮ್ಮ ಉಲೇಮಾಗಳೇ ಬೇಕಾದಾಗ ಬೇರೆ ಮಜ್‌ಹಬ್‌ನಿಂದ ಸಾಲ ತಂದದ್ದಿದೆ. ಗಂಡ ಕಾಣೆಯಾದರೆ ಅವನ ಓರಗೆಯವರೆಲ್ಲ ಸಾಯುವಷ್ಟು ಕಾಲ ಹೆಂಡತಿ ಕಾಯಬೇಕು ಅನ್ನುವುದು ಹಳೆಯ ಹನಫಿ ನಿಯಮ. ಮಾಲಿಕಿಗಳಲ್ಲಿ ನಾಲ್ಕೇ ವರ್ಷ. ಬಿಡುಗಡೆಗೆ ಬೇರೆ ದಾರಿಯಿಲ್ಲದೆ ಪಂಜಾಬಿನಲ್ಲಿ ಹೆಂಗಸರು ಧರ್ಮವನ್ನೇ ಬಿಡತೊಡಗಿದಾಗ, ದೇವಬಂದ್ ಪರಂಪರೆಯ ದೊಡ್ಡ ವಿದ್ವಾಂಸ ಅಶ್ರಫ್ ಅಲಿ ಥಾನವಿ ಮಾಲಿಕಿ ನಿಯಮವನ್ನು ತೆಗೆದುಕೊಳ್ಳಬಹುದು ಅಂತ ಬರೆದರು. ಅದರಿಂದ ಹುಟ್ಟಿದ್ದೇ 1939ರ ಮುಸ್ಲಿಂ ವಿವಾಹ ವಿಸರ್ಜನಾ ಕಾಯ್ದೆ. ನಾಲ್ಕು ವರ್ಷ ಗಂಡನ ಪತ್ತೆಯಿಲ್ಲದಿದ್ದರೆ ಹೆಣ್ಣು ಬಿಡುಗಡೆ ಕೇಳಬಹುದು ಅಂತ ಅದರಲ್ಲಿದೆ. ಮನಸ್ಸಿದ್ದರೆ ದಾರಿಯಿತ್ತು, ನೋಡಿ.

ಆ ವರ್ಷವೇ ಅಕ್ಟೋಬರ್ 1ರಂದು ಶಮೀಮ್ ಆರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ತಲಾಖಿಗೆ ಸರಿಯಾದ ಕಾರಣ ಬೇಕು, ಅದಕ್ಕೆ ಮೊದಲು ಎರಡೂ ಕಡೆಯ ಮಧ್ಯಸ್ಥರ ಮೂಲಕ ರಾಜಿಯ ಪ್ರಯತ್ನ ಆಗಿರಬೇಕು ಅಂದಿತು. ಮಧ್ಯಸ್ಥರ ಮಾತು ಕುರ್‌ಆನಿನ ನಾಲ್ಕನೇ ಅಧ್ಯಾಯದ 35ನೇ ವಚನದಲ್ಲೇ ಇದೆ. ನಮ್ಮ ಘಾಟಿಗೆ ಆ ತೀರ್ಪಿನ ಸುದ್ದಿ ಹತ್ತಲೇ ಇಲ್ಲ. 2017ರ ಆಗಸ್ಟ್ 22ಕ್ಕೆ ಶಾಯರಾ ಬಾನೋ ಪ್ರಕರಣದಲ್ಲಿ ಮೂರು-ಎರಡು ಬಹುಮತದಿಂದ ದಿಢೀರ್ ತಲಾಖ್ ರದ್ದಾಯಿತು. 2019ರಲ್ಲಿ ಕಾನೂನು ಬಂದು, ಹಾಗೆ ಹೇಳಿದವನಿಗೆ ಮೂರು ವರ್ಷದವರೆಗೆ ಜೈಲು ಅಂತಾಯಿತು. ಗಂಡ ಜೈಲಿಗೆ ಹೋದರೆ ಹೆಂಡತಿ-ಮಕ್ಕಳಿಗೆ ಅನ್ನ ಹಾಕುವವರು ಯಾರು ಅನ್ನುವ ನನ್ನ ತಕರಾರು ಬೇರೆ ಇದೆ, ಅದು ಇನ್ನೊಂದು ದಿನ.

*

ಆಪಾ ಕಥೆ ಅಲ್ಲಿಗೆ ಮುಗಿಯಲಿಲ್ಲ. ತುಂಬಾ ವರ್ಷಗಳಾದ ಮೇಲೆ, ನಾನು ಇದನ್ನೆಲ್ಲ ಓದಿ ತಲೆ ತುಂಬಿಸಿಕೊಂಡಿದ್ದ ಕಾಲದಲ್ಲಿ, ಅವರ ಮುಂದೆ ಕೂತು ಉತ್ಸಾಹದಿಂದ ಹೇಳಿದೆ. "ಆಪಾ, ಆವತ್ತು ಮೂರನ್ನು ಒಂದು ಅಂತ ಎಣಿಸಬಹುದಿತ್ತು. ಇಬ್ನ್ ತೈಮಿಯ್ಯಾ ಹೇಳಿದ್ದಾರೆ. ನೀವು ವಾಪಸ್ ಹೋಗಬಹುದಿತ್ತು."

ಆಪಾ ಹೊಲಿಗೆ ಮಿಷನ್ ನಿಲ್ಲಿಸಿದರು.

"ನನಗೆ ವಾಪಸ್ ಹೋಗೋದಿತ್ತು ಅಂತ ನಿನಗೆ ಯಾರು ಹೇಳಿದ್ರು?"

ನಾನು ಸುಮ್ಮನಾದೆ.

"ಹಿರಿಯರು ಹೋಗಬೇಡ ಅಂದ್ರು. ನಿಮ್ಮಬ್ಬ ಹೋಗೋಕೆ ದಾರಿ ಹುಡುಕಿದ್ರು. ನನಗೆ ಬೇಕಾಗಿದ್ದು ಮೆಹರ್ ದುಡ್ಡು, ಮಕ್ಕಳ ಸ್ಕೂಲ್ ಫೀಸು. ಅದನ್ನ ಯಾರೂ ಕೇಳಲಿಲ್ಲ. ಈಗ ನೀನೂ ಕೇಳಲಿಲ್ಲ."

ಅಷ್ಟು ಹೇಳಿ ಮತ್ತೆ ಮಿಷನ್ ತುಳಿಯತೊಡಗಿದರು.

ಆ ಮಾತಿನಿಂದ ನನ್ನ ಯೋಚನೆಯ ದಿಕ್ಕೇ ಬದಲಾಯ್ತು. ಉದಾರ ವ್ಯಾಖ್ಯಾನ, ಬಿಗಿ ವ್ಯಾಖ್ಯಾನ ಅಂತ ನಾವು ಜಗಳವಾಡುತ್ತಿದ್ದೆವು. ಎರಡೂ ಕಡೆ ಕೂತವರು ಗಂಡಸರೇ. ಗ್ರಂಥಕ್ಕೆ ಯಾವ ಪ್ರಶ್ನೆ ಕೇಳಬೇಕು ಅಂತ ತೀರ್ಮಾನಿಸಿದವರೂ ನಾವೇ. "ಅವಳನ್ನು ವಾಪಸ್ ಕಳಿಸಬಹುದಾ?" ಅನ್ನುವುದು ನಮ್ಮ ಪ್ರಶ್ನೆ. "ನನ್ನ ಮುಂದಿನ ಬದುಕಿಗೆ ಯಾರು ಹೊಣೆ?" ಅನ್ನುವುದು ಅವರದು. ಅದಕ್ಕೂ ಗ್ರಂಥದಲ್ಲಿ ಜಾಗವಿದೆ. ಎರಡನೇ ಅಧ್ಯಾಯದ 241ನೇ ವಚನ ತಲಾಖ್ ಆದ ಹೆಂಗಸರಿಗೆ ನ್ಯಾಯವಾಗಿ ಏನಾದರೂ ಕೊಡಬೇಕು ಅನ್ನುತ್ತದೆ. ಅದು ಒಂದು ಸಲದ ಉಡುಗೊರೆಯೋ, ಬದುಕಿಗಾಗುವಷ್ಟು ಏರ್ಪಾಡೋ? 1985ರ ಶಾಬಾನೋ ತೀರ್ಪಿನಿಂದ 2001ರ ಡ್ಯಾನಿಯಲ್ ಲತೀಫಿ ತೀರ್ಪಿನವರೆಗೆ ದೇಶವೆಲ್ಲ ಗದ್ದಲವಾದದ್ದು ಇದರ ಸುತ್ತಲೇ. ಲತೀಫಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಇದ್ದತ್ ಅವಧಿಯೊಳಗೆ ಕೊಡಬೇಕಾದ್ದು ಅವಳ ಮುಂದಿನ ಜೀವನಕ್ಕೂ ಆಗುವಂಥ ಏರ್ಪಾಡು ಅಂದಿತ್ತು. ಆಪಾಗೆ ತಲಾಖ್ ಆಗುವ ಹೊತ್ತಿಗೆ ಆ ತೀರ್ಪು ಬಂದು ಒಂದು ವರ್ಷವೂ ಆಗಿರಲಿಲ್ಲ. ಪಂಚಾಯಿತಿಯಲ್ಲಿ ಒಬ್ಬರೂ ಆ ಮಾತೆತ್ತಲಿಲ್ಲ.

ಕನ್ನಡದಲ್ಲಿ ಆ ಪ್ರಶ್ನೆ ಕೇಳಿದವರಿದ್ದಾರೆ, ಪುಣ್ಯಕ್ಕೆ. ಕಾಸರಗೋಡಿನ ಚಂದ್ರಗಿರಿಯಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ 1980ರ ದಶಕದ ಆರಂಭದಲ್ಲೇ ಲಂಕೇಶ್ ಪತ್ರಿಕೆಯಲ್ಲಿ ಚಂದ್ರಗಿರಿಯ ತೀರದಲ್ಲಿ ಬರೆದರು. ಅದರ ನಾದಿರಾಳ ಪಾಡು ಓದಿದವರಿಗೆ ಆಪಾ ಮನೆಯ ಪಂಚಾಯಿತಿ ಹೊಸದೇನೂ ಅಲ್ಲ. ನಮ್ಮ ಜಿಲ್ಲೆಯವರೇ ಆದ, ಹಾಸನದ ವಕೀಲೆ ಬಾನು ಮುಷ್ತಾಕ್, ಹೆಂಗಸರಿಗೂ ಮಸೀದಿಯೊಳಗೆ ಹೋಗುವ ಹಕ್ಕಿದೆ ಅಂದದ್ದಕ್ಕೆ 2000ನೇ ಇಸವಿಯಲ್ಲಿ ಬಹಿಷ್ಕಾರ ಎದುರಿಸಿದರು. ಅವರು ಹೇಳಿದ್ದು ಹೊಸದಾಗಿತ್ತಾ? ದೇವರ ದಾಸಿಯರನ್ನು ದೇವರ ಮಸೀದಿಗಳಿಂದ ತಡೆಯಬೇಡಿ ಅನ್ನುವ ಅರ್ಥದ ಹದೀಸ್ ಬುಖಾರಿ, ಮುಸ್ಲಿಮ್ ಎರಡು ಸಂಗ್ರಹಗಳಲ್ಲೂ ಇದೆ. ಕಾಲ ಕೆಟ್ಟಿದೆ, ಗಲಾಟೆಯಾಗಬಹುದು ಅಂತ ಅದಕ್ಕೆ ಮೇಲೆ ಬೇಲಿ ಕಟ್ಟಿದ್ದು ಆಮೇಲಿನ ವಿದ್ವಾಂಸರು. ಬೇಲಿಯನ್ನೇ ಜಮೀನು ಅಂದುಕೊಂಡವರು ಬೇಲಿ ಮುಟ್ಟಿದವರ ಮೇಲೆ ಬಿದ್ದರು. 2025ರ ಮೇ ತಿಂಗಳಲ್ಲಿ ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ಅವರ ಹನ್ನೆರಡು ಕಥೆಗಳಿಗೆ ಇಂಟರ್‌ನ್ಯಾಷನಲ್ ಬೂಕರ್ ಬಂದಾಗ ಹಾಸನದಲ್ಲಿ ಎಲ್ಲರೂ ಸಿಹಿ ಹಂಚಿಕೊಂಡವರೇ. ಸಂತೋಷ. ಆದರೆ ಆ ಕಥೆಗಳು ಏನು ಕೇಳುತ್ತಿವೆ ಅಂತ ಓದಿದವರೆಷ್ಟು?

*

ಎದುರು ವಾದ ಹೇಳದಿದ್ದರೆ ಅನ್ಯಾಯವಾಗುತ್ತದೆ. ನಾನು ತುಂಬಾ ಗೌರವಿಸುವ ಉಸ್ತಾದರೊಬ್ಬರು ಒಮ್ಮೆ ಹೇಳಿದರು. "ನೋಡು ಮೋನೇ, ಕಾಯಿಲೆ ಬಂದರೆ ನೀನೇ ಪುಸ್ತಕ ಓದಿ ಮದ್ದು ತಗೊಳ್ತೀಯಾ? ಡಾಕ್ಟರ ಹತ್ತಿರ ಹೋಗ್ತೀಯ. ಹನ್ನೆರಡು ವರ್ಷ ಅರಬ್ಬಿ ಕಲಿತವನ ಹತ್ತಿರ ಕೇಳದೆ ಎಲ್ಲರೂ ಅರ್ಥ ಹೇಳೋಕೆ ಕೂತರೆ ಏನಾಗುತ್ತೆ ಗೊತ್ತಾ?"

ಏನಾಗುತ್ತೆ ಅಂತ ನಮಗೆಲ್ಲ ಗೊತ್ತು. ಇಂಟರ್‌ನೆಟ್ಟಿನಲ್ಲಿ ನಾಲ್ಕು ವಚನ ಓದಿ, ಸಾವಿರ ವರ್ಷದ ವಿದ್ವತ್ತನ್ನು ಒದ್ದು, ಬಂದೂಕು ಹಿಡಿದವರಿದ್ದಾರೆ. ಅದೇ ನಾಲ್ಕು ವಚನ ಹಿಡಿದು ಇಡೀ ಸಮುದಾಯವನ್ನೇ ಬೈಯುವವರೂ ಇದ್ದಾರೆ. ಇಬ್ಬರಿಗೂ ಸಂದರ್ಭ ಬೇಡ, ಭಾಷೆ ಬೇಡ, ತಬರಿಯ ಪಟ್ಟಿ ಬೇಡ. ಉಸ್ತಾದರ ಭಯ ಸುಳ್ಳಲ್ಲ. ಉಸ್ತಾದರಿಗೆ ನಾನು ಆವತ್ತು ಉತ್ತರ ಕೊಡಲಿಲ್ಲ. ಈಗ ಕೊಡುತ್ತೇನೆ. ಡಾಕ್ಟರ ಹತ್ತಿರ ಹೋಗೋಣ, ಖಂಡಿತ. ಆದರೆ ಒಳ್ಳೆಯ ಡಾಕ್ಟರು ಮೊದಲು ಕೇಳುವುದು "ಎಲ್ಲಿ ನೋವು?" ಅಂತ. ಪಕ್ಕದಲ್ಲಿ ನಿಂತ ಗಂಡನನ್ನಲ್ಲ, ರೋಗಿಯನ್ನೇ ಕೇಳುತ್ತಾರೆ. ಒಂದು ಮದ್ದು ಒಗ್ಗದಿದ್ದರೆ ಇನ್ನೊಂದಿದೆ ಅಂತಲೂ ಹೇಳುತ್ತಾರೆ.

ಕೋರ್ಟಿಗೂ ಈ ಮಾತು ಸಲ್ಲುತ್ತದೆ. 2022ರ ಮಾರ್ಚ್ 15ರಂದು ನಮ್ಮ ಹೈಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಹಿಜಾಬ್ ಇಸ್ಲಾಮಿನ ಅತ್ಯಗತ್ಯ ಆಚರಣೆಯಲ್ಲ ಅಂದಿತು. ಅದಕ್ಕೆ ಅಬ್ದುಲ್ಲಾ ಯೂಸುಫ್ ಅಲಿಯವರ ಇಂಗ್ಲಿಷ್ ಅನುವಾದ, ಟಿಪ್ಪಣಿಗಳನ್ನು ಆಧಾರ ಮಾಡಿಕೊಂಡಿತು. ಒಳ್ಳೆಯ ಅನುವಾದವೇ. ಆದರೆ ನೂರಾರು ವ್ಯಾಖ್ಯಾನಗಳಲ್ಲಿ ಅದೊಂದು. ಅದೇ ವರ್ಷ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಬೇರೆ ಬೇರೆ ತೀರ್ಪು ಕೊಟ್ಟರು. ನ್ಯಾಯಮೂರ್ತಿ ಧೂಲಿಯಾ ಅವರಂತೂ ಧರ್ಮಶಾಸ್ತ್ರದ ಆ ಚರ್ಚೆಯೇ ಇಲ್ಲಿ ಬೇಕಿರಲಿಲ್ಲ, ಆ ಹುಡುಗಿಯ ಆಯ್ಕೆ ಮತ್ತು ಓದು ಮುಖ್ಯ ಅನ್ನುವ ದಾರಿ ಹಿಡಿದರು. ಹಾಕಲೇಬೇಕು ಅಂತ ಒಬ್ಬರು, ತೆಗೆಯಲೇಬೇಕು ಅಂತ ಇನ್ನೊಬ್ಬರು ಟಿವಿಯಲ್ಲಿ ಕೂಗುತ್ತಿದ್ದಾಗ, ಕಾಲೇಜು ಗೇಟಿನ ಹೊರಗೆ ನಿಂತ ಹುಡುಗಿಯ ಪರೀಕ್ಷೆ ಯಾವತ್ತು ಅಂತ ಕೇಳಿದವರು ಕಡಿಮೆ.

*

ನಾನು ಆಲಿಮನಲ್ಲ, ಫತ್ವಾ ಕೊಡುತ್ತಿಲ್ಲ. ನಾನು ಕೇಳುತ್ತಿರುವುದು ಎರಡೇ. ಒಂದು, "ಕುರ್‌ಆನ್ ಹೇಳುತ್ತದೆ" ಅನ್ನುವ ಬದಲು "ನಮ್ಮ ಇಮಾಮರು ಹೀಗೆ ಅರ್ಥ ಮಾಡಿಕೊಂಡಿದ್ದಾರೆ, ಬೇರೆಯವರು ಹಾಗೆ" ಅಂತ ಹೇಳುವ ಪ್ರಾಮಾಣಿಕತೆ. ಇಂಬಳದ ವಿಷಯದಲ್ಲಿ ಅಜ್ಜ ತೋರಿಸಿದ್ದು ಇಷ್ಟೇ. ಎರಡು, ಅರ್ಥ ಹೇಳುವ ಮೊದಲು ಯಾರ ಬದುಕಿನ ಮೇಲೆ ಅದು ಬೀಳುತ್ತದೋ ಅವರನ್ನು ಕೇಳುವುದು.

ಉಮ್ಮ ಅರಬ್ಬಿಯಲ್ಲಿ ಎಷ್ಟು ಸಲ ಕುರ್‌ಆನ್ ಮುಗಿಸಿದ್ದರೋ ಲೆಕ್ಕವಿಲ್ಲ. ಅರ್ಥ ಗೊತ್ತಿರಲಿಲ್ಲ. ಐವತ್ತು ದಾಟಿದ ಮೇಲೆ ಕನ್ನಡ ಅನುವಾದ ಹಿಡಿದರು. ಅನುವಾದವೂ ವ್ಯಾಖ್ಯಾನವೇ. ತಲಾಖ್ ಆದವಳು ಕಾಯಬೇಕಾದ ಇದ್ದತ್ತಿಗೆ ಮೂರು "ಕುರೂ" ಅಂತಿದೆ. ಅರಬ್ಬಿಯಲ್ಲಿ ಆ ಪದಕ್ಕೆ ಮುಟ್ಟು ಅಂತಲೂ ಅರ್ಥ, ಎರಡು ಮುಟ್ಟಿನ ನಡುವಿನ ಶುದ್ಧಿ ಅಂತಲೂ ಅರ್ಥ. ಹನಫಿಗಳು ಮೊದಲನೆಯದು, ಶಾಫಿಗಳು ಎರಡನೆಯದು ಹಿಡಿದರು. ಲೆಕ್ಕದಲ್ಲಿ ಕೆಲವು ದಿನ ವ್ಯತ್ಯಾಸ. ಆ ಕೆಲವು ದಿನದಲ್ಲಿ ಗಂಡನಿಗೆ ವಾಪಸ್ ಕರೆಯುವ ಹಕ್ಕಿದೆಯೋ ಇಲ್ಲವೋ ಅನ್ನುವುದು ನಿ೦ತಿದೆ. ಕನ್ನಡಕ್ಕೆ ತರುವವರು ಯಾವುದಾದರೂ ಒಂದನ್ನು ಹಿಡಿಯಲೇಬೇಕು. ಉಮ್ಮನಿಗೆ ಇದನ್ನು ಹೇಳಿದಾಗ, "ಅಷ್ಟು ವರ್ಷ ಜಗಳಾಡೋ ಬದಲು ಯಾವಳಾದರೂ ಹೆಂಗಸನ್ನ ಕೇಳಬಹುದಿತ್ತಲ್ಲ" ಅಂತ ನಕ್ಕರು.

ಆ ಪುಸ್ತಕ ಈಗ ಆಪಾ ಹತ್ತಿರ ಇದೆ. ಮೊನ್ನೆ ಹೋದಾಗ 58ನೇ ಅಧ್ಯಾಯ ತೆರೆದಿಟ್ಟಿದ್ದರು. ಅದರ ಹಿಂದಿನ ಕಥೆ ನಿಮಗೆ ಹೇಳಲೇಬೇಕು. ಖೌಲಾ ಅಂತ ಒಬ್ಬ ಹೆಂಗಸು. ಅವಳ ಗಂಡ "ನೀನು ನನಗೆ ತಾಯಿಯ ಬೆನ್ನಿದ್ದ ಹಾಗೆ" ಅಂದುಬಿಟ್ಟ. ಆ ಕಾಲದ ಅರಬ್ಬರ ಪದ್ಧತಿಯಲ್ಲಿ ಅಷ್ಟಂದರೆ ಅವಳು ಹೆಂಡತಿಯೂ ಅಲ್ಲ, ಬಿಡುಗಡೆಯೂ ಇಲ್ಲ. ಅವಳು ಪ್ರವಾದಿಯವರ ಹತ್ತಿರ ಹೋಗಿ ವಾದ ಮಾಡಿದಳು. ಬಿಡಲಿಲ್ಲ, ಮತ್ತೆ ಮತ್ತೆ ದೂರಿದಳು. ಆಗ ವಚನ ಇಳಿಯಿತು. ನಿನ್ನೊಡನೆ ವಾದಿಸಿದವಳ ಮಾತನ್ನು ದೇವರು ಕೇಳಿಸಿಕೊಂಡಿದ್ದಾನೆ ಅನ್ನುವ ಅರ್ಥದಿಂದ ಆ ಅಧ್ಯಾಯ ಶುರುವಾಗುತ್ತದೆ. ಆ ಪದ್ಧತಿ ತಪ್ಪು ಅಂತ ಹೇಳಿ, ಹಾಗಂದವನಿಗೆ ಪ್ರಾಯಶ್ಚಿತ್ತ ಇಡುತ್ತದೆ. ಅಧ್ಯಾಯದ ಹೆಸರೇ ಮುಜಾದಲಾ, ವಾದಿಸುವುದು ಅಂತ.

"ಅವಳು ಸುಮ್ಮನೆ ಮನೆಗೆ ಹೋಗಿದ್ದರೆ ಈ ವಚನ ಎಲ್ಲಿರುತ್ತಿತ್ತು?" ಅಂತ ಆಪಾ ಕೇಳಿದರು. ನನ್ನ ಹತ್ತಿರ ಉತ್ತರವಿರಲಿಲ್ಲ. ಯಾರಾದರೂ ಆಲಿಮರು ಇದನ್ನು ಓದುತ್ತಿದ್ದರೆ ದಯವಿಟ್ಟು ಹೇಳಿ, ಆಪಾಗೆ ತಲುಪಿಸುತ್ತೇನೆ.

ಹೊರಗೆ ಮತ್ತೆ ಮಳೆ ಹಿಡಿದಿದೆ. ಕರೆಂಟು ಹೋಗುವ ಮೊದಲು ಇದನ್ನು ಹಾಕಿಬಿಡುತ್ತೇನೆ. ನಿಮ್ಮ ನಿಮ್ಮ ಮನೆಗಳಲ್ಲೂ "ಅವರಲ್ಲಿ ಹಾಗೆ, ನಮ್ಮಲ್ಲಿ ಹೀಗೆ" ಅನ್ನುವ ಕಥೆಗಳಿರುತ್ತವೆ. ಅದರಲ್ಲಿ ಯಾರನ್ನು ಕೇಳದೆ ಬಿಟ್ಟಿದ್ದೀರಿ ಅಂತ ಒಮ್ಮೆ ನೋಡಿ. ಬರೆಯಿರಿ, ಓದುತ್ತೇನೆ.